ಸ್ಕಿಜೋಫ್ರೇನಿಯಾದ ಬೇರು ಹುಡುಕಿದವರು

ಹತ್ತಿಮತ್ತೂರು, ಸವಣೂರು, ಶಿಗ್ಗಾವಿ ಕಡೆಯ ಯಾವ ಊರಾದರೂ ಆಗಲಿ, ಇಪ್ಪತ್ತರ ಆಸುಪಾಸಿನ ಹುಡುಗನೊಬ್ಬ ಹೊಲಕ್ಕೆ ಹೋಗುವುದು ಬಿಟ್ಟು, ಜಳಕ ಬಿಟ್ಟು, ಕೋಣೆಯ ಮೂಲೆಯಲ್ಲಿ ಕೂತು ಕಾಣದವರೊಡನೆ ಮಾತಾಡತೊಡಗಿದರೆ ಮನೆಯಲ್ಲಿ ಮೊದಲು ಏಳುವ ಪ್ರಶ್ನೆ: ‘ಯಾರು ಮಾಡಿಸಿದರು?’ ದಾಯಾದಿಗಳ ಹೆಸರು ಬರುತ್ತದೆ. ಅಮವಾಸ್ಯೆಯ ದಿನ ದಾಟಬಾರದ್ದನ್ನು ದಾಟಿದ್ದು ನೆನಪಾಗುತ್ತದೆ. ‘ಗಾಳಿ ಹೊಡದೈತ್ರಿ’ ಎಂದು ತಾಯತ ಕಟ್ಟಿಸುತ್ತಾರೆ, ಹರಕೆ ಹೊರುತ್ತಾರೆ. ಗುಣ ಕಾಣದಿದ್ದಾಗ ಓಣಿಯ ಹಿರಿಯರೊಬ್ಬರು ‘ಲಗ್ನಾ ಮಾಡಿ ಬಿಡ್ರಿ, ತಾನ ಸರಿ ಹೊಕ್ಕಾನ’ ಎನ್ನುತ್ತಾರೆ. ಅದೂ ಆಗಿ, ಇನ್ನೊಂದು ಮನೆಯ ಮಗಳ ಬದುಕೂ ಅದರಲ್ಲಿ ಸಿಕ್ಕಿಕೊಂಡ ಮೇಲೆ, ಯಾರೋ ತಿಳಿದವರು ಹೇಳಿದರೆಂದು ಹುಬ್ಬಳ್ಳಿ ದಾಟಿ ಧಾರವಾಡದ ಆಸ್ಪತ್ರೆಗೆ ಬರುತ್ತಾರೆ. ಅಲ್ಲಿ ವೈದ್ಯರ ಮುಂದೆ ಕೂತ ತಾಯಿಗೆ ರೋಗದ ಹೆಸರು ಬೇಕಿರುವುದಿಲ್ಲ. ‘ನಾ ಏನರ ತಪ್ಪು ಮಾಡೀನೇನ್ರಿ ಸಾಹೇಬ್ರ?’ ಎಂದು ಕೇಳುತ್ತಾಳೆ.

ಆ ತಾಯಿಯ ಪ್ರಶ್ನೆಗೆ ನಂಬುವಂಥ ಉತ್ತರ ಕೊಡಲು ವಿಜ್ಞಾನಕ್ಕೆ ನೂರು ವರ್ಷದ ಮೇಲೆ ಹಿಡಿಯಿತು. ಉತ್ತರ ಸಿಕ್ಕ ದಾರಿಯಲ್ಲಿ ನಮ್ಮ ನೆಲದ ಪಾಲು ಸಣ್ಣದಲ್ಲ. ಒಂದು ಪಾಲು ನಮ್ಮ ಘಟ್ಟದ ಕಾಡುಗಳಲ್ಲೂ ಬೆಳೆಯುವ ಸರ್ಪಗಂಧದ ಬೇರಿನದು. ಇನ್ನೊಂದು ಪಾಲು, ಕಾಯಿಲೆ ಬಿದ್ದು ಎಷ್ಟೋ ಕಾಲವಾದರೂ ಒಂದು ಗುಳಿಗೆಯನ್ನೂ ಕಾಣದೆ ಬೆಂಗಳೂರಿನ ನಿಮ್ಹಾನ್ಸ್ ಬಾಗಿಲಿಗೆ ಬಂದ ರೋಗಿಗಳದು. ಬೇರಿನ ಕತೆಯನ್ನು ಜಗತ್ತು ಮೆಚ್ಚಿ ಹೇಳುತ್ತದೆ. ಆ ರೋಗಿಗಳ ಕತೆಯನ್ನು ನಾವಾದರೂ ಹೇಳಬೇಕು.

ಧಾರವಾಡದಲ್ಲಿ ಬ್ರಿಟಿಷರು ಹುಚ್ಚಾಸ್ಪತ್ರೆ ತೆರೆದದ್ದು 1845ರಲ್ಲಿ. ಇಂದಿನ ಡಿಮ್ಹಾನ್ಸ್, ಅಂದರೆ ಧಾರವಾಡದ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆ, ಅದರದೇ ಮುಂದುವರಿಕೆ. ಬೆಂಗಳೂರಿನಲ್ಲೂ ಅದೇ ದಶಕದಲ್ಲಿ ಅಂಥದೊಂದು ಆಸ್ಪತ್ರೆ ಶುರುವಾಯಿತು. ಅದೇ ಬೆಳೆದು ನಿಮ್ಹಾನ್ಸ್ ಆಯಿತು. ಆ ಕಾಲದಲ್ಲಿ ರೋಗಿಯನ್ನು ಒಳಗಿಟ್ಟು ಕಾಯುವುದೇ ಚಿಕಿತ್ಸೆ. ಕಾರಣವನ್ನು ಲಂಡನ್ನಿನ ವೈದ್ಯನೂ ಹೇಳಲಾರ, ಧಾರವಾಡದ ವೈದ್ಯನೂ ಹೇಳಲಾರ.

ಕಾರಣ ದೇಹದೊಳಗೇ ಇರಬೇಕು ಎಂದು ಪಟ್ಟು ಹಿಡಿದವರಲ್ಲಿ ಪ್ರಮುಖರು ಜರ್ಮನಿಯ ಎಮಿಲ್ ಕ್ರೆಪೆಲಿನ್. ಹರೆಯದಲ್ಲಿ ಹಿಡಿದು ಬುದ್ಧಿ, ಭಾವ, ಕೆಲಸದ ಶಕ್ತಿ ಎಲ್ಲವನ್ನೂ ಮಂಕಾಗಿಸುವ ಈ ಕಾಯಿಲೆಯನ್ನು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಬೇರೆ ಹುಚ್ಚುಗಳಿಂದ ಬಿಡಿಸಿ ತೋರಿಸಿದವರು ಅವರು. ಇದು ಯುರೋಪಿನ ಬದುಕಿನ ರೀತಿಯಿಂದ ಬಂದದ್ದೋ ಏನೋ ಎಂಬ ಅನುಮಾನ ಅವರಿಗೂ ಇತ್ತು. ಪರೀಕ್ಷಿಸಲು 1904ರಲ್ಲಿ ಜಾವಾ ದ್ವೀಪದವರೆಗೆ ಹೋಗಿ ಅಲ್ಲಿಯ ಆಸ್ಪತ್ರೆಯ ರೋಗಿಗಳನ್ನು ನೋಡಿದರು. ಭಾಷೆ, ದೇವರು, ಊಟ ಎಲ್ಲ ಬೇರೆಯಾಗಿದ್ದ ಅಲ್ಲಿಯೂ ಈ ಕಾಯಿಲೆ ಇತ್ತು. ಅವರ ಜತೆಗಾರ ಅಲೋಯಿಸ್ ಅಲ್ಜೈಮರ್ ಸತ್ತವರ ಮಿದುಳನ್ನು ಸೂಕ್ಷ್ಮದರ್ಶಕದಡಿ ಇಟ್ಟು ನೋಡುತ್ತಿದ್ದರು. ಮರೆವಿನ ಕಾಯಿಲೆಯ ಗುರುತು 1906ರಲ್ಲಿ ಅವರ ಕಣ್ಣಿಗೆ ಬಿತ್ತು, ಅವರ ಹೆಸರೇ ಅದಕ್ಕೆ ನಿಂತಿತು. ಆದರೆ 1908ರಲ್ಲಿ ಸ್ವಿಟ್ಜರ್ಲೆಂಡಿನ ಬ್ಲಾಯ್ಲರ್ ಯಾವುದಕ್ಕೆ ಸ್ಕಿಜೋಫ್ರೇನಿಯಾ ಎಂದು ಹೆಸರಿಟ್ಟರೋ, ಆ ಕಾಯಿಲೆಯ ಗುರುತು ಮಾತ್ರ ಯಾರಿಗೂ ಸಿಗಲಿಲ್ಲ.

ಮಿದುಳಿನಲ್ಲಿ ಏನೂ ಕಾಣದಾದಾಗ ತನಿಖೆ ಮನೆಯ ಕಡೆ ತಿರುಗಿತು. 1948ರಲ್ಲಿ ಫ್ರೀಡಾ ಫ್ರಾಮ್ ರೈಕ್‌ಮನ್ ಎಂಬ ಮನೋವಿಶ್ಲೇಷಕಿ, ಮಗುವನ್ನು ಪ್ರೀತಿಯಿಲ್ಲದೆ, ಬಿಗಿಯಾಗಿ ಬೆಳೆಸುವ ತಾಯಿಯಿಂದ ಈ ರೋಗ ಬರುತ್ತದೆ ಎಂಬರ್ಥದ ಮಾತು ಬರೆದರು. ಮಾತು ಹಬ್ಬಿತು. ಸುಮಾರು ಎರಡು ಮೂರು ದಶಕ ಅಮೆರಿಕದ ಎಷ್ಟೋ ಆಸ್ಪತ್ರೆಗಳಲ್ಲಿ ಮಗನನ್ನು ಕರೆತಂದ ತಾಯಿಯನ್ನೇ ತಪ್ಪಿತಸ್ಥೆಯಂತೆ ನೋಡಿದರು. ನಮ್ಮ ಹಳ್ಳಿಯ ‘ಯಾರು ಮಾಡಿಸಿದರು’ ಎಂಬುದಕ್ಕೂ ಈ ಸಿದ್ಧಾಂತಕ್ಕೂ ಹೆಚ್ಚು ಅಂತರ ನನಗೆ ಕಾಣುವುದಿಲ್ಲ. ಎರಡೂ ರೋಗಿಯನ್ನು ಬಿಟ್ಟು ಅಪರಾಧಿಯನ್ನು ಹುಡುಕುತ್ತವೆ.

ಬಾಗಿಲು ತೆರೆದದ್ದು ಬೇರೆ ಕಡೆಯಿಂದ. ಸರ್ಪಗಂಧ ಮೊಣಕಾಲೆತ್ತರದ ಗಿಡ. ಬಿಳಿ, ನಸುಗೆಂಪು ಹೂವಿನ ಗೊಂಚಲು, ಹಣ್ಣಾದಾಗ ಕಪ್ಪಗೆ ಹೊಳೆಯುವ ಕಾಯಿ, ಕಡು ಕಹಿಯಾದ ಬೇರು. ಹಾವು ಕಡಿತಕ್ಕೆ, ನಿದ್ದೆಗೆ, ಹುಚ್ಚು ಕೆರಳಿದವರನ್ನು ತಣಿಸಲು ಆ ಬೇರಿನ ಪುಡಿ ಕೊಡುವ ರೂಢಿ ನಮ್ಮಲ್ಲಿ ಹಳೆಯದು. ಬಿಹಾರದ ಕಡೆ ಅದನ್ನು ಹುಚ್ಚಿನ ಮದ್ದೆಂದೇ ಕರೆಯುತ್ತಿದ್ದರು. 1931ರಲ್ಲಿ ಕಲ್ಕತ್ತೆಯ ಗಣನಾಥ ಸೇನ್ ಮತ್ತು ಕಾರ್ತಿಕ್ ಚಂದ್ರ ಬೋಸ್, ಈ ಬೇರು ರಕ್ತದೊತ್ತಡಕ್ಕೂ ಹುಚ್ಚಿಗೂ ಕೆಲಸ ಮಾಡುತ್ತದೆಂದು ವೈದ್ಯಕೀಯ ಪತ್ರಿಕೆಯಲ್ಲಿ ಬರೆದರು. ಅದೇ ವರ್ಷ ಸಲೀಮುಜ್ಜಮಾನ್ ಸಿದ್ದಿಕಿ ಅದರೊಳಗಿನ ರಾಸಾಯನಿಕಗಳನ್ನು ಬೇರ್ಪಡಿಸಿ ಒಂದಕ್ಕೆ ಹಕೀಂ ಅಜ್ಮಲ್ ಖಾನರ ನೆನಪಿನಲ್ಲಿ ಅಜ್ಮಲೀನ್ ಎಂದು ಹೆಸರಿಟ್ಟರು. ಹೊರಗಿನ ಜಗತ್ತು ಕಿವಿಗೊಡಲಿಲ್ಲ. 1949ರಲ್ಲಿ ಮುಂಬಯಿಯ ಹೃದಯತಜ್ಞ ರುಸ್ತುಂ ಜಾಲ್ ವಕೀಲ್ ಬ್ರಿಟನ್ನಿನ ಪತ್ರಿಕೆಯೊಂದರಲ್ಲಿ ರಕ್ತದೊತ್ತಡದ ರೋಗಿಗಳ ಮೇಲೆ ಅದರ ಪರಿಣಾಮ ಬರೆದ ಮೇಲೆ ಕಂಪನಿಗಳು ಎಚ್ಚೆತ್ತವು. 1952ರಲ್ಲಿ ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿಯವರು ಬೇರಿನ ಸಾರವನ್ನು ಹರಳಾಗಿಸಿದರು. ಅದೇ ರೆಸರ್ಪೀನ್.

ಮುಂದಿನ ವರ್ಷ ಅಹಮದಾಬಾದಿನ ಡಾ. ಹಕೀಂ ಸರ್ಪಗಂಧದಿಂದ ಸ್ಕಿಜೋಫ್ರೇನಿಯಾ ರೋಗಿಗಳಿಗೆ ಗುಣ ಕಂಡಿದೆ ಎಂದು ವರದಿ ಮಾಡಿದರು. ಸುದ್ದಿ ನ್ಯೂಯಾರ್ಕಿನ ದಿನಪತ್ರಿಕೆಯವರೆಗೆ ಹೋಯಿತು. ಅದನ್ನು ಓದಿದ ನೇಥನ್ ಕ್ಲೈನ್ ಎಂಬ ಮನೋವೈದ್ಯರು ತಮ್ಮ ರಾಕ್‌ಲ್ಯಾಂಡ್ ಆಸ್ಪತ್ರೆಯ ರೋಗಿಗಳಿಗೆ ಅದನ್ನು ಕೊಟ್ಟು ನೋಡಿದರು. ಆಸ್ಪತ್ರೆಯ ವಾರ್ಡುಗಳಲ್ಲಿ ರೋಗಿಗಳು ಒಡೆದ ಕಿಟಕಿ ಗಾಜು ಬದಲಿಸುವುದೇ ಕೆಲಸವಾಗಿದ್ದ ಒಬ್ಬ ಗಾಜಿನವನಿದ್ದ. ಕೆಲವು ವಾರ್ಡುಗಳಲ್ಲಿ ತನಗೆ ಕೆಲಸ ಕಡಿಮೆಯಾಗಿದೆ ಎಂದು ಅವನು ಗಮನಿಸಿದನಂತೆ. ಅವು ಔಷಧ ಕೊಟ್ಟ ವಾರ್ಡುಗಳು. 1954ರಲ್ಲಿ ಕ್ಲೈನ್ ಫಲಿತಾಂಶ ಪ್ರಕಟಿಸಿದರು. ಅಷ್ಟರಲ್ಲೇ, 1952ರಲ್ಲಿ, ಪ್ಯಾರಿಸಿನ ಸೇಂತ್ ಆನ್ ಆಸ್ಪತ್ರೆಯ ದಿಲೇ ಮತ್ತು ದಿನಿಕೇರ್ ಇನ್ನೊಂದು ಔಷಧವಾದ ಕ್ಲೋರ್‌ಪ್ರೊಮಜೀನ್ ಇಂಥ ರೋಗಿಗಳಿಗೆ ಗುಣ ಕೊಡುವುದನ್ನು ಕಂಡುಕೊಂಡಿದ್ದರು. ಒಂದು ಬೇರಿನಿಂದ ಬಂದದ್ದು, ಇನ್ನೊಂದು ಪ್ರಯೋಗಶಾಲೆಯಲ್ಲಿ ಹುಟ್ಟಿದ್ದು. ರಚನೆಯಲ್ಲಿ ಒಂದಕ್ಕೊಂದು ಸಂಬಂಧವಿಲ್ಲ. ಎರಡೂ ಕಿವಿಯಲ್ಲಿ ಕೇಳುವ ದನಿಗಳನ್ನು ತಗ್ಗಿಸಿದವು. ಎರಡನ್ನೂ ಜಾಸ್ತಿ ಕೊಟ್ಟರೆ ರೋಗಿಯ ಕೈ ನಡುಗುತ್ತಿತ್ತು, ಮೈ ಬಿಗಿಯುತ್ತಿತ್ತು, ನಡಿಗೆ ಪಾರ್ಕಿನ್ಸನ್ ಬಂದವರ ಹಾಗೆ ಆಗುತ್ತಿತ್ತು. ಬೇರೆ ಬೇರೆ ಎರಡು ವಸ್ತುಗಳಿಂದ ಒಂದೇ ಗುಣ, ಒಂದೇ ತೊಂದರೆ ಎಂದರೆ ಮಿದುಳಿನಲ್ಲಿ ಅವೆರಡೂ ಮುಟ್ಟುವ ಒಂದೇ ಜಾಗವಿರಬೇಕು.

ಆ ಜಾಗವನ್ನು ತೋರಿಸಿದ್ದು ಸ್ವೀಡನ್ನಿನ ಕೆಲವು ಮೊಲಗಳು. ಲುಂಡ್ ವಿಶ್ವವಿದ್ಯಾಲಯದ ಆರ್ವಿಡ್ ಕಾರ್ಲ್‌ಸನ್ ಮತ್ತು ಸಂಗಡಿಗರು ಮೊಲಗಳಿಗೆ ರೆಸರ್ಪೀನ್ ಚುಚ್ಚಿದರು. ಮೊಲಗಳ ಕಿವಿ ಜೋತುಬಿದ್ದವು, ಕಣ್ಣು ಅರೆಮುಚ್ಚಿದವು. ಮುಟ್ಟಿದರೂ ಕದಲದೆ ನೆಲಕ್ಕೆ ಒರಗಿದವು. ಆಮೇಲೆ ಎಲ್-ಡೋಪಾ ಎಂಬ ವಸ್ತುವನ್ನು ಚುಚ್ಚಿದರು. ಕೆಲವೇ ನಿಮಿಷಗಳಲ್ಲಿ ಕಿವಿ ನೆಟ್ಟಗಾದವು, ಮೊಲಗಳು ಎದ್ದು ಓಡಾಡಿದವು. ಆವರೆಗೆ ಮಿದುಳಿನ ಡೋಪಮೈನ್ ಎಂಬ ರಾಸಾಯನಿಕ ಬೇರೊಂದು ರಾಸಾಯನಿಕ ತಯಾರಾಗುವ ನಡುವಿನ ಹಂತ ಮಾತ್ರ, ಅದಕ್ಕೆ ಸ್ವಂತ ಕೆಲಸವಿಲ್ಲ ಎಂದು ತಿಳಿದಿದ್ದರು. ಸರ್ಪಗಂಧದ ಸಾರ ಮಿದುಳಿನ ಡೋಪಮೈನ್ ದಾಸ್ತಾನನ್ನು ಬರಿದು ಮಾಡುತ್ತದೆ, ಎಲ್-ಡೋಪಾ ಅದನ್ನು ಮತ್ತೆ ತುಂಬುತ್ತದೆ, ಡೋಪಮೈನ್ ತಾನೇ ನರಕೋಶದಿಂದ ನರಕೋಶಕ್ಕೆ ಸುದ್ದಿ ಒಯ್ಯುತ್ತದೆ ಎಂಬುದು 1957 ಮತ್ತು 1958ರ ಅವರ ಕೆಲಸದಿಂದ ಬೆಳಕಿಗೆ ಬಂತು. 1963ರಲ್ಲಿ ಅದೇ ಕಾರ್ಲ್‌ಸನ್, ಕ್ಲೋರ್‌ಪ್ರೊಮಜೀನ್ ದಾಸ್ತಾನು ಖಾಲಿ ಮಾಡದೆ, ಸುದ್ದಿ ತಲುಪುವ ಗ್ರಾಹಕವನ್ನೇ ತಡೆಯುತ್ತಿರಬೇಕೆಂದು ಊಹಿಸಿದರು. ಪಾರ್ಕಿನ್ಸನ್ ರೋಗಿಗಳಿಗೆ ಇಂದು ಸಿಗುವ ಎಲ್-ಡೋಪಾ ಗುಳಿಗೆ ಈ ಹುಡುಕಾಟದ ಫಲವೇ. 2000ದಲ್ಲಿ ಕಾರ್ಲ್‌ಸನ್‌ಗೆ ನೊಬೆಲ್ ಬಂತು.

ಎದುರಿನ ತುದಿಯಿಂದಲೂ ಸಾಕ್ಷಿ ಬಂದಿತ್ತು. ಲಂಡನ್ನಿನ ಫಿಲಿಪ್ ಕಾನೆಲ್ 1958ರಲ್ಲಿ, ಆಂಫೆಟಮೀನ್ ಗುಳಿಗೆ ಚಟಕ್ಕೆ ಬಿದ್ದವರಿಗೆ ಯಾರೋ ಬೆನ್ನು ಹತ್ತಿದ್ದಾರೆಂಬ ಸಂಶಯ, ಕಿವಿಯಲ್ಲಿ ದನಿ ಎಲ್ಲ ಶುರುವಾಗುವುದನ್ನು ವಿವರವಾಗಿ ಬರೆದರು. ಆ ಗುಳಿಗೆ ಡೋಪಮೈನನ್ನು ಹೆಚ್ಚಿಸುತ್ತದೆ. ಕಡಿಮೆ ಮಾಡಿದರೆ ದನಿ ತಗ್ಗುತ್ತದೆ, ಹೆಚ್ಚು ಮಾಡಿದರೆ ಆರೋಗ್ಯವಂತನಿಗೂ ದನಿ ಕೇಳಬಹುದು. 1975–76ರಲ್ಲಿ ಕೆನಡಾದ ಟೊರೊಂಟೊದಲ್ಲಿ ಫಿಲಿಪ್ ಸೀಮನ್, ಅಮೆರಿಕದಲ್ಲಿ ಸಾಲೊಮನ್ ಸ್ನೈಡರ್ ತಂಡ ಆ ಗ್ರಾಹಕವನ್ನು ಪ್ರಯೋಗಶಾಲೆಯಲ್ಲಿ ಹಿಡಿದರು. ಯಾವ ಔಷಧ ಆ ಗ್ರಾಹಕಕ್ಕೆ ಗಟ್ಟಿಯಾಗಿ ಅಂಟುತ್ತದೋ ಅದು ರೋಗಿಗೆ ಕಡಿಮೆ ಪ್ರಮಾಣದಲ್ಲೇ ಸಾಕಾಗುತ್ತದೆ, ಯಾವುದು ಸಡಿಲವಾಗಿ ಅಂಟುತ್ತದೋ ಅದು ಹೆಚ್ಚು ಬೇಕಾಗುತ್ತದೆ. ಅಂದು ಬಳಕೆಯಲ್ಲಿದ್ದ ಔಷಧಗಳೆಲ್ಲ ಹೀಗೆ ಒಂದೇ ಗೆರೆಯ ಮೇಲೆ ಬಂದು ಕೂತವು. ಈ ರೋಗದಲ್ಲಿ ಮಿದುಳಿನ ಒಂದು ರಾಸಾಯನಿಕ ವ್ಯವಸ್ಥೆ ಕೆಟ್ಟಿದೆ ಎಂಬುದನ್ನು ಆ ಗೆರೆ ನೋಡಿದ ಮೇಲೆ ಅಲ್ಲಗಳೆಯುವುದು ಕಷ್ಟ.

ಆದರೆ ಡೋಪಮೈನ್ ಏಕೆ ಕೆಟ್ಟಿತು?

ತಾಯಿಯ ಮೇಲಿನ ಆರೋಪವನ್ನು ನೇರವಾಗಿ ಪರೀಕ್ಷೆಗೆ ಒಡ್ಡಿದವರು ಅಮೆರಿಕದ ಲಿಯೊನಾರ್ಡ್ ಹೆಸ್ಟನ್. ಆರೆಗಾನ್ ರಾಜ್ಯದ ಮಾನಸಿಕ ಆಸ್ಪತ್ರೆಗಳಲ್ಲಿದ್ದ ಸ್ಕಿಜೋಫ್ರೇನಿಯಾ ತಾಯಂದಿರಿಗೆ ಹುಟ್ಟಿ, ಹುಟ್ಟಿದ ಮೂರು ದಿನದೊಳಗೆ ಅವರಿಂದ ಬೇರೆಯಾಗಿ ಬೆಳೆದ 47 ಮಕ್ಕಳನ್ನು ಅವರು ದೊಡ್ಡವರಾದ ಮೇಲೆ ಹುಡುಕಿದರು. ಬೇರೆ ತಾಯಂದಿರಿಗೆ ಹುಟ್ಟಿ ಹಾಗೆಯೇ ಬೇರೆಯಾಗಿ ಬೆಳೆದ 50 ಮಂದಿಯನ್ನೂ ಹುಡುಕಿದರು. 1966ರಲ್ಲಿ ಲೆಕ್ಕ ಹೊರಬಂತು: ಮೊದಲ ಗುಂಪಿನಲ್ಲಿ ಐವರಿಗೆ ರೋಗ, ಎರಡನೆಯದರಲ್ಲಿ ಒಬ್ಬರಿಗೂ ಇಲ್ಲ. ಆ ಐವರು ತಾಯಿಯ ಮಡಿಲಲ್ಲಿ ಬೆಳೆದವರಲ್ಲ. ಅವಳ ಗದರಿಕೆ, ಅವಳ ತಣ್ಣನೆಯ ಮುಖ ಯಾವುದನ್ನೂ ಕಂಡವರಲ್ಲ. ಡೆನ್ಮಾರ್ಕಿನ ದತ್ತು ದಾಖಲೆಗಳೂ ಮುಂದೆ ಇದನ್ನೇ ಹೇಳಿದವು. ಆರೋಪ ಬಿದ್ದುಹೋಯಿತು.

ಹಾಗೆಂದು ರಕ್ತಸಂಬಂಧ ಹಣೆಬರಹವಲ್ಲ. ಒಂದೇ ತತ್ತಿಯಿಂದ ಹುಟ್ಟಿದ ಅವಳಿಗಳಲ್ಲಿ ಒಬ್ಬರಿಗೆ ಬಂದರೆ ಇನ್ನೊಬ್ಬರಿಗೆ ಬರುವ ಸಾಧ್ಯತೆ ಹೆಚ್ಚೆಂದರೆ ಅರ್ಧದಷ್ಟು. ಒಡಹುಟ್ಟಿದವರಿಗಾದರೆ ನೂರಕ್ಕೆ ಹತ್ತರಷ್ಟು. ತೊಂಬತ್ತು ಮಂದಿ ಪಾರಾಗುತ್ತಾರೆ. ಅಣ್ಣನಿಗೆ ಈ ರೋಗವಿದೆ ಎಂದು ತಂಗಿಯ ಸಂಬಂಧ ಮುರಿಯುವವರಿಗೆ ಈ ಲೆಕ್ಕವನ್ನು ಯಾರಾದರೂ ಕೂರಿಸಿ ಹೇಳಬೇಕು. ಜೀನಿನ ಆಚೆ ಬಸಿರಿನ ಕಾಲವೂ ಲೆಕ್ಕಕ್ಕೆ ಬರುತ್ತದೆ. 1944–45ರ ಚಳಿಗಾಲದಲ್ಲಿ ನಾಜಿಗಳ ದಿಗ್ಬಂಧನದಿಂದ ಹಾಲೆಂಡಿನಲ್ಲಿ ಬಿದ್ದ ಹಸಿವಿನ ಉತ್ತುಂಗದಲ್ಲಿ ಗರ್ಭಕಟ್ಟಿದ ಮಕ್ಕಳಿಗೆ ಮುಂದೆ ಈ ರೋಗ ಬಂದದ್ದು ಉಳಿದವರಿಗಿಂತ ಸುಮಾರು ಎರಡು ಪಟ್ಟು. ಬಸುರಿಯ ಊಟದ ತಟ್ಟೆಯಲ್ಲಿ ಇಪ್ಪತ್ತು ವರ್ಷ ಮುಂದಿನ ಮಾನಸಿಕ ಆರೋಗ್ಯವೂ ಇದೆ ಎಂಬುದು ಬರ ಕಂಡ ನಮ್ಮ ಜಿಲ್ಲೆಗಳಿಗೆ ಸಣ್ಣ ಸುದ್ದಿಯಲ್ಲ.

ಇನ್ನು ಮಿದುಳಿನ ಚಿತ್ರ. 1976ರಲ್ಲಿ ಲಂಡನ್ ಬಳಿಯ ನಾರ್ತ್‌ವಿಕ್ ಪಾರ್ಕ್ ಆಸ್ಪತ್ರೆಯಲ್ಲಿ ಈವ್ ಜಾನ್‌ಸ್ಟನ್ ಮತ್ತು ಟಿಮ್ ಕ್ರೋ ತಂಡ ಆಗಷ್ಟೇ ಬಂದಿದ್ದ ಸಿ.ಟಿ. ಸ್ಕ್ಯಾನ್‌ನಲ್ಲಿ 17 ಹಳೆಯ ರೋಗಿಗಳ ಮಿದುಳು ನೋಡಿತು. ಮಿದುಳಿನ ಒಳಗಿನ ದ್ರವ ತುಂಬಿದ ಪೊಳ್ಳುಗಳು ಇವರಲ್ಲಿ ದೊಡ್ಡವಾಗಿದ್ದವು, ಅಂದರೆ ಮಿದುಳು ಕುಗ್ಗಿದಂತಿತ್ತು. ಅಲ್ಜೈಮರ್ ಕೈಗೆ ಸಿಗದೆ ಹೋದ ಗುರುತು ಎಪ್ಪತ್ತು ವರ್ಷದ ಮೇಲೆ ಸಿಕ್ಕಿತೇ? ಒಡನೆಯೇ ಒಂದು ನ್ಯಾಯವಾದ ಅನುಮಾನ ಎದ್ದಿತು. ಇವರು ವರ್ಷಾನುಗಟ್ಟಲೆ ಆಸ್ಪತ್ರೆಯಲ್ಲಿದ್ದವರು. ಇಂಥ ರೋಗಿಗಳಲ್ಲಿ ಹೆಚ್ಚಿನವರು ಔಷಧ ನುಂಗಿದವರೇ. ಮಿದುಳು ಕುಗ್ಗಿದ್ದು ರೋಗದಿಂದಲೋ, ಔಷಧದಿಂದಲೋ? ಅನುಮಾನ ಸುಳ್ಳಲ್ಲ ಎಂದು ಮುಂದೆ ಕೋತಿಗಳ ಮೇಲಿನ ಪ್ರಯೋಗವೂ ತೋರಿಸಿತು: ಬಹುಕಾಲ ಈ ಔಷಧ ಕೊಟ್ಟ ಆರೋಗ್ಯವಂತ ಕೋತಿಗಳ ಮಿದುಳಿನ ತೂಕ ಇಳಿದಿತ್ತು. ಇದನ್ನು ಬಗೆಹರಿಸಬೇಕಾದರೆ ರೋಗ ಬಂದೂ ಔಷಧ ಮುಟ್ಟದ ಮನುಷ್ಯರು ಬೇಕು. ಶ್ರೀಮಂತ ದೇಶಗಳಲ್ಲಿ ಅಂಥವರು ಸಿಗುವುದು ಅಪರೂಪ.

ಕರ್ನಾಟಕದಲ್ಲಿ ಅಪರೂಪವಾಗಿರಲಿಲ್ಲ. ನಿಮ್ಹಾನ್ಸ್‌ನ ಆರ್. ಶ್ರೀನಿವಾಸ ಮೂರ್ತಿ, ಕಿಶೋರ್ ಕುಮಾರ್, ಸಿ.ಆರ್. ಚಂದ್ರಶೇಖರ್ ಮತ್ತಿತರರು ಹಳ್ಳಿಗಳಿಗೆ ಹೋಗಿ ಚಿಕಿತ್ಸೆಯಿಲ್ಲದೆ ಉಳಿದ 100 ಸ್ಕಿಜೋಫ್ರೇನಿಯಾ ರೋಗಿಗಳನ್ನು ಗುರುತಿಸಿದಾಗ ಅವರಲ್ಲಿ 28 ಮಂದಿ ಜೀವಮಾನದಲ್ಲಿ ಒಮ್ಮೆಯೂ ಔಷಧ ಕಂಡವರಲ್ಲ. ಉಳಿದವರು ಕಂಡು ಬಿಟ್ಟವರು. 2005ರಲ್ಲಿ ಪ್ರಕಟವಾದ ಆ ಅಧ್ಯಯನದ ಈ ಒಂದು ಸಂಖ್ಯೆಯಲ್ಲಿ ನಮ್ಮ ಹಳ್ಳಿಗಳ ಕೋಣೆಮೂಲೆಗಳೆಲ್ಲ ಇವೆ.

ಇಂಥ ರೋಗಿಗಳನ್ನು ಮನೆಯವರು ಕೊನೆಗೊಮ್ಮೆ ಬೆಂಗಳೂರಿಗೆ ಕರೆತಂದಾಗ, ಬಿ.ಎನ್. ಗಂಗಾಧರ್, ಜಿ. ವೆಂಕಟಸುಬ್ರಮಣಿಯನ್, ಪಿ.ಎನ್. ಜಯಕುಮಾರ್ ಮೊದಲಾದ ನಿಮ್ಹಾನ್ಸ್ ವೈದ್ಯರು ಒಪ್ಪಿಗೆ ಪಡೆದು, ಮೊದಲ ಗುಳಿಗೆ ಬಾಯಿಗೆ ಬೀಳುವ ಮುಂಚಿನ ಸ್ಥಿತಿಯನ್ನು ದಾಖಲಿಸಿಕೊಳ್ಳತೊಡಗಿದರು. ಎಂ.ಆರ್.ಐ. ಯಂತ್ರದ ಕಿರಿದಾದ ಕೊಳವೆಯೊಳಗೆ, ಸುತ್ತಿಗೆ ಬಡಿದಂಥ ಸದ್ದಿನ ನಡುವೆ, ಮೊದಲೇ ಯಾರೋ ಬೈಯುವ ದನಿ ಕೇಳುತ್ತಿರುವ ಮನುಷ್ಯ ಅಲುಗಾಡದೆ ಮಲಗಬೇಕು. ಓದುಗರು ಆ ನಿಮಿಷಗಳನ್ನು ಒಮ್ಮೆ ಕಲ್ಪಿಸಿಕೊಳ್ಳಬೇಕು. ಹೊರಗೆ ಬೆಂಚಿನ ಮೇಲೆ ಪ್ಲಾಸ್ಟಿಕ್ ಚೀಲದಲ್ಲಿ ಕಾಗದಪತ್ರ ಹಿಡಿದು ಕೂತ ಅಣ್ಣನೋ ತಾಯಿಯೋ ಇರುತ್ತಾರೆ.

ಆ ಚಿತ್ರಗಳು ಹೇಳಿದ್ದು ಸ್ಪಷ್ಟ. ಔಷಧದ ನೆರಳೂ ಬೀಳದ ಮಿದುಳುಗಳಲ್ಲಿ ಬೂದುದ್ರವ್ಯ ಆರೋಗ್ಯವಂತರಿಗಿಂತ ಕಡಿಮೆಯಿತ್ತು. ಆಲೋಚನೆ, ತೀರ್ಮಾನಗಳ ಜಾಗವಾದ ಮುಂಭಾಗದ ಹೊರಪದರದಲ್ಲೂ ಕೊರತೆ ಕಂಡಿತು. ಚೆನ್ನೈನ ಸ್ಕಾರ್ಫ್ ಸಂಸ್ಥೆಯ ಆರ್. ತಾರಾ ಅವರು ಸ್ಕಾಟ್‌ಲೆಂಡಿನ ಮೆಕ್‌ಕ್ರೀಡಿ ಜತೆ ತಮಿಳುನಾಡಿನಲ್ಲಿ ಎಂದೂ ಚಿಕಿತ್ಸೆ ಸಿಗದವರನ್ನು ನೋಡಿ, ಔಷಧದ ದುಷ್ಪರಿಣಾಮವೆಂದೇ ಎಲ್ಲರೂ ತಿಳಿದಿದ್ದ ಬಾಯಿ, ಕೈಗಳ ತಾನಾಗಿಯೇ ಆಗುವ ಚಲನೆಗಳು ಅವರಲ್ಲೂ ಇರುವುದನ್ನು 1996ರಲ್ಲೇ ತೋರಿಸಿದ್ದರು. ಔಷಧ ಏನೂ ಮಾಡುವುದಿಲ್ಲ ಎಂದಲ್ಲ, ರೋಗವೇ ಮೊದಲು ಮಾಡಿರುತ್ತದೆ.

ನನ್ನ ಮಟ್ಟಿಗೆ ಇವೆಲ್ಲಕ್ಕಿಂತ ಬೆರಗಿನದು 2007ರಲ್ಲಿ ಅಮೆರಿಕದ ಪ್ರಮುಖ ಮನೋವೈದ್ಯ ಪತ್ರಿಕೆಯಲ್ಲಿ ಬಂದ ನಿಮ್ಹಾನ್ಸ್ ವರದಿ. ಹೊಸ ತಲೆಮಾರಿನ ಔಷಧ ತೆಗೆದುಕೊಳ್ಳುವವರ ತೂಕ, ಸಕ್ಕರೆ ಏರುತ್ತದೆ, ದೋಷವೆಲ್ಲ ಗುಳಿಗೆಯದು ಎಂದು ಜನ ನಂಬಿದ್ದರು. ವೆಂಕಟಸುಬ್ರಮಣಿಯನ್ ತಂಡ ಎಂದೂ ಗುಳಿಗೆ ನುಂಗದ ರೋಗಿಗಳ ರಕ್ತವನ್ನು ಖಾಲಿ ಹೊಟ್ಟೆಯಲ್ಲಿ ತೆಗೆದು ನೋಡಿದಾಗ ಇನ್ಸುಲಿನ್ ಆಗಲೇ ಆರೋಗ್ಯವಂತರಿಗಿಂತ ಹೆಚ್ಚಿತ್ತು, ಅದರ ಸೋದರ ಹಾರ್ಮೋನಾದ ಐ.ಜಿ.ಎಫ್.-1 ಕಡಿಮೆಯಿತ್ತು. ಐ.ಜಿ.ಎಫ್.-1 ಮಿದುಳಿನ ಬೆಳವಣಿಗೆಗೆ ಬೇಕಾದದ್ದು. ಅದು ಕಡಿಮೆ ಇದ್ದವರಲ್ಲಿ ಭ್ರಮೆ, ದನಿಗಳ ಕಾಟ ಹೆಚ್ಚಿತ್ತು. ಅಂದರೆ ಸ್ಕಿಜೋಫ್ರೇನಿಯಾ ತಲೆಯೊಳಗೆ ಮಾತ್ರ ಕೂತ ಕಾಯಿಲೆಯಲ್ಲ. ಇಡೀ ಮೈಯ ರಾಸಾಯನಿಕ ವ್ಯವಹಾರದಲ್ಲಿ ಅದರ ಗುರುತಿದೆ.

ಮಿದುಳು ಎಲ್ಲಿ, ಯಾವಾಗ ದಾರಿ ತಪ್ಪುತ್ತದೆ ಎಂಬುದಕ್ಕೂ ನಿಮ್ಹಾನ್ಸ್‌ನಲ್ಲಿ ಕಲಿತು ಅಮೆರಿಕಕ್ಕೆ ಹೋದ ಮಾಚೇರಿ ಕೇಶವನ್ ಒಂದು ಸುಳಿವು ಹಿಡಿದವರು. ಹರೆಯದಲ್ಲಿ ಎಲ್ಲರ ಮಿದುಳೂ ನರಕೋಶಗಳ ನಡುವಿನ ಹೆಚ್ಚುವರಿ ಕೊಂಡಿಗಳನ್ನು ಕಳಚಿಹಾಕುತ್ತದೆ. ಒತ್ತಾಗಿ ಹುಟ್ಟಿದ ಜೋಳದ ಪೈರನ್ನು ಕಿತ್ತು ತೆಳುವು ಮಾಡಿದ ಹಾಗೆ, ಉಳಿದವು ಗಟ್ಟಿಯಾಗಲಿ ಎಂಬುದೇ ಪ್ರಕೃತಿಯ ಉದ್ದೇಶ. ಸ್ಕಿಜೋಫ್ರೇನಿಯಾದಲ್ಲಿ ಈ ಕೀಳುವಿಕೆ ಮಿತಿಮೀರುತ್ತದೆಯೇ ಎಂದು 1982ರಲ್ಲಿ ಅರ್ವಿನ್ ಫೈನ್‌ಬರ್ಗ್ ಕೇಳಿದ್ದರು. 1994ರಲ್ಲಿ ಕೇಶವನ್ ಮತ್ತು ಸಹೋದ್ಯೋಗಿಗಳು ಮಿದುಳಿನ ಮುಂಭಾಗದ ಪುರಾವೆಗಳನ್ನು ಕಲೆಹಾಕಿ ಆ ಪ್ರಶ್ನೆಗೆ ಮರುಜೀವ ಕೊಟ್ಟರು. ರೋಗ ಹದಿನೆಂಟು, ಇಪ್ಪತ್ತು, ಇಪ್ಪತ್ತೈದರಲ್ಲೇ ಏಕೆ ತಲೆ ಎತ್ತುತ್ತದೆ ಎಂಬ ಒಗಟಿಗೂ ಇದು ಹೊಂದಿಕೆಯಾಗುತ್ತಿತ್ತು. 2016ರಲ್ಲಿ ಬಾಸ್ಟನ್ ಕಡೆಯ ಸ್ಟೀವನ್ ಮೆಕ್‌ಕ್ಯಾರಲ್, ಬೆತ್ ಸ್ಟೀವನ್ಸ್ ತಂಡ ಆರನೆಯ ವರ್ಣತಂತುವಿನ ಮೇಲಿನ ಸಿ4 ಎಂಬ ಜೀನನ್ನು ತೋರಿಸಿತು. ರೋಗನಿರೋಧಕ ವ್ಯವಸ್ಥೆಗೆ ಸೇರಿದ ಈ ಜೀನ್, ಯಾವ ಕೊಂಡಿಯನ್ನು ಕಳಚಬೇಕೆಂದು ಗುರುತು ಹಚ್ಚುವುದರಲ್ಲಿ ಕೈಹಾಕುತ್ತದೆ. ಅದರ ಕೆಲವು ರೂಪಗಳು ಹೆಚ್ಚು ಚುರುಕಾಗಿರುವವರಲ್ಲಿ ರೋಗದ ಅಪಾಯ ಹೆಚ್ಚು.

ಒಂದು ಜೀನೇ ಕಾರಣ ಎಂದು ಯಾರೂ ತಿಳಿಯಬಾರದು. ಜಾಗತಿಕ ಒಕ್ಕೂಟವೊಂದು 2014ರಲ್ಲಿ ಅಪಾಯ ಹೆಚ್ಚಿಸುವ 108 ಜಾಗಗಳನ್ನು ಪಟ್ಟಿ ಮಾಡಿತು. 2022ರಲ್ಲಿ, 76 ಸಾವಿರಕ್ಕೂ ಹೆಚ್ಚು ರೋಗಿಗಳನ್ನು ಪರೀಕ್ಷಿಸಿದ ಮೇಲೆ, ಅವು 287 ಆದವು. ಒಂದೊಂದರ ಪಾಲೂ ಎಳ್ಳಿನಷ್ಟು. ಈ ಪಟ್ಟಿಗೆ ರಕ್ತ ಕೊಟ್ಟವರಲ್ಲಿ ಹೆಚ್ಚಿನವರು ಯುರೋಪ್ ಮೂಲದವರು, ಭಾರತೀಯರು ತೀರ ಕಡಿಮೆ. ಆ ಕೊರತೆ ತುಂಬುವ ಕೆಲಸ 2016ರಿಂದ ಬೆಂಗಳೂರಿನಲ್ಲೇ ನಡೆದಿದೆ. ನಿಮ್ಹಾನ್ಸ್‌ನ ಸಂಜೀವ್ ಜೈನ್ ಮತ್ತು ಸಂಗಡಿಗರು ಜೀವವಿಜ್ಞಾನದ ರಾಷ್ಟ್ರೀಯ ಕೇಂದ್ರವಾದ ಎನ್.ಸಿ.ಬಿ.ಎಸ್. ಮತ್ತು ಕಾಂಡಕೋಶ ಸಂಶೋಧನೆಯ ಸಂಸ್ಥೆಯಾದ ಇನ್‌ಸ್ಟೆಮ್ ಜತೆ ಸೇರಿ, ಒಂದೇ ಮನೆಯಲ್ಲಿ ಹಲವರಿಗೆ ಮಾನಸಿಕ ರೋಗವಿರುವ ಕುಟುಂಬಗಳಿಂದ ರಕ್ತಕಣ ಪಡೆದು, ಅದನ್ನು ಕಾಂಡಕೋಶವಾಗಿಸಿ, ಅದರಿಂದ ನರಕೋಶ ಬೆಳೆಸಿ ನೋಡತೊಡಗಿದರು. ಬದುಕಿರುವ ರೋಗಿಯ ನರಕೋಶವನ್ನು ತಟ್ಟೆಯಲ್ಲಿಟ್ಟು ನೋಡುವುದು ಅಲ್ಜೈಮರ್ ಕಾಲದಲ್ಲಿ ಯಾರೂ ಯೋಚಿಸಲಾಗದ ಮಾತು.

ಈ ಹುಡುಕಾಟದ ಬಗ್ಗೆ ನನಗಿರುವ ಸಂಕಟವನ್ನು ಮುಚ್ಚಿಡಲಾರೆ. ಗುಳಿಗೆ ಕಾಣದ ರೋಗಿಗಳಿಂದ ಜಗತ್ತು ಇಷ್ಟೆಲ್ಲ ಕಲಿತದ್ದು ನಿಜ. ಆದರೆ ಅವರು ಗುಳಿಗೆ ಕಾಣದೆ ಉಳಿದದ್ದು ನಮ್ಮ ತಡದಿಂದ. ವೈದ್ಯರು ಆ ಸ್ಥಿತಿಯನ್ನು ಹುಟ್ಟಿಸಲಿಲ್ಲ, ಬಾಗಿಲಿಗೆ ಬಂದವರಿಗೆ ಚಿಕಿತ್ಸೆ ಕೊಟ್ಟರು. ತಡ ಮಾಡಿದ್ದು ಊರು, ನೆಂಟರು, ದೂರದ ಆಸ್ಪತ್ರೆ, ಬಸ್ ಖರ್ಚು, ‘ಜನ ಏನಂದಾರು’ ಎಂಬ ಅಂಜಿಕೆ. ತಡದ ಬೆಲೆ ಎಷ್ಟೆಂಬುದಕ್ಕೂ ಕರ್ನಾಟಕದಲ್ಲೇ ಲೆಕ್ಕವಿದೆ. 2005ರಿಂದ ತೀರ್ಥಹಳ್ಳಿ ತಾಲ್ಲೂಕಿನಲ್ಲಿ ಜಗದೀಶ ತೀರ್ಥಹಳ್ಳಿ ಮತ್ತು ನಿಮ್ಹಾನ್ಸ್ ಸಂಗಡಿಗರು ಮನೆಮನೆಯ ರೋಗಿಗಳನ್ನು ಗುರುತಿಸಿ, ಚಿಕಿತ್ಸೆ ಕೊಟ್ಟು, ವರ್ಷಗಟ್ಟಲೆ ಹಿಂಬಾಲಿಸಿದರು. ಚಿಕಿತ್ಸೆಯಲ್ಲಿ ಉಳಿದವರು ದಿನದ ಕೆಲಸ, ಮಾತುಕತೆ, ಮನೆವಾರ್ತೆಗೆ ಮರಳಿದ ಪ್ರಮಾಣ ಚಿಕಿತ್ಸೆಯಿಲ್ಲದವರಿಗಿಂತ ಎಷ್ಟೋ ಮೇಲು. ಆ ಮೊದಲಿನ 100 ರೋಗಿಗಳ ಅಧ್ಯಯನದಲ್ಲೂ ಒಂದೂವರೆ ವರ್ಷದ ಚಿಕಿತ್ಸೆಯಿಂದ ರೋಗಲಕ್ಷಣ, ಅಸಹಾಯಕತೆ, ಮನೆಯವರ ಹೊರೆ ಮೂರೂ ಇಳಿದವು.

ಹತ್ತಿಮತ್ತೂರಿನ ಆ ತಾಯಿಗೆ ಇಂದು ಕೊಡಬಹುದಾದ ಉತ್ತರ ಹೀಗಿದೆ. ತಪ್ಪು ನಿಮ್ಮದಲ್ಲ, ದಾಯಾದಿಯದೂ ಅಲ್ಲ, ದೆವ್ವದ್ದೂ ಅಲ್ಲ. ಹುಟ್ಟಿನಿಂದ ಬಂದ ನೂರಾರು ಸಣ್ಣ ವ್ಯತ್ಯಾಸಗಳು, ಬಸಿರಲ್ಲಿದ್ದಾಗಿನ ಯಾವುದೋ ಕೊರತೆ, ಹರೆಯದಲ್ಲಿ ಮಿದುಳಿನ ಕೊಂಡಿಗಳು ಮಿತಿಮೀರಿ ಕಳಚಿದ್ದು, ಡೋಪಮೈನ್ ಲೆಕ್ಕ ತಪ್ಪಿದ್ದು, ಇವೆಲ್ಲ ಕೂಡಿ ಈ ರೋಗ ಬಂದಿರಬಹುದು. ಎಲ್ಲ ಗೊತ್ತಾಗಿಲ್ಲ, ಆದರೆ ಮಗನಿಗೆ ಇಂದೇ ಚಿಕಿತ್ಸೆ ಶುರು ಮಾಡಲು ಬೇಕಾದಷ್ಟು ಗೊತ್ತಾಗಿದೆ.

ಮನೆಯಲ್ಲೋ ಓಣಿಯಲ್ಲೋ ಹರೆಯದವರೊಬ್ಬರು ಒಂಟಿಯಾಗಿ ಕಾಣದವರೊಡನೆ ಮಾತಾಡುವುದು, ಎಲ್ಲರ ಮೇಲೆ ಸಂಶಯ ಪಡುವುದು, ನಿದ್ದೆ, ಊಟ, ಜಳಕ ಬಿಡುವುದು ಕಂಡರೆ ಲಗ್ನದ ಮುಹೂರ್ತ ಹುಡುಕಬೇಡಿ. ಹರಕೆ ತೀರಿಸುವುದಿದ್ದರೆ ತೀರಿಸಿ, ಆದರೆ ಅದೇ ವಾರ ತಾಲ್ಲೂಕು ಆಸ್ಪತ್ರೆಗೂ ಕರೆದೊಯ್ಯಿರಿ. ಅಲ್ಲಿಂದ ಹಾವೇರಿ ಜಿಲ್ಲಾಸ್ಪತ್ರೆಗೋ ಧಾರವಾಡದ ಡಿಮ್ಹಾನ್ಸ್‌ಗೋ ದಾರಿ ತೋರಿಸುತ್ತಾರೆ. ಹೊರಡುವ ಮುಂಚೆ ಯಾರನ್ನಾದರೂ ಕೇಳಬೇಕೆನಿಸಿದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ ಇದೆ. ಸಂಖ್ಯೆ 14416. ಹಗಲು ರಾತ್ರಿ ಎನ್ನದೆ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ.